ಮೂರು ಗಂಟೆಯ ನೀರು

ಕಾಮಾಕ್ಷಿಪಾಳ್ಯದ ನಮ್ಮ ವಠಾರಕ್ಕೆ ಕಾವೇರಿ ಬರುವುದು
ದಿನ ಬಿಟ್ಟು ದಿನ, ರಾತ್ರಿ ಮೂರಕ್ಕೆ.
ಮೊದಲು ಕೊಳಾಯಿ ಕೆಮ್ಮುತ್ತದೆ,
ಗಾಳಿ ಉಗುಳುತ್ತದೆ, ಆಮೇಲೆ ತುಕ್ಕು,
ಆಮೇಲೆ ನೀರು.

ಹಾಗಾಗಿ ಮೂರಕ್ಕೆ ಏಳುವುದು ನನಗೆ ಹೊಸದಲ್ಲ.
ಹೊಸದು,
ಬಕೆಟ್ಟಿಗೂ ಮೊದಲು ಬೆರಳು ಹುಡುಕುವುದು.

"ನಾಲ್ಕು ರಾತ್ರಿ," ಅಂದರು ಡಾಕ್ಟರು ನಸೀಮಾ.
"ಸತತವಾಗಿ ಬೇಡ. ಏಳಕ್ಕೆ ಊಟ ಮುಗಿಸಿ,
ಆಮೇಲೆ ಬಾಳೆಹಣ್ಣೂ ಬೇಡ.
ಹನ್ನೊಂದು, ಒಂದು, ಮೂರು, ಆರು: ನೋಡಿ, ಬರೆಯಿರಿ.
ಊಟದ ಇನ್ಸುಲಿನ್ನು ಸುಮ್ಮನಾದ ಮೇಲೆ
ರಾತ್ರಿಯದು ಒಂಟಿಯಾಗಿ ಏನು ಮಾಡುತ್ತದೆ ನೋಡೋಣ."

ಒಂಟಿಯಾಗಿ ಏನು ಮಾಡುತ್ತದೆ!
ಮೂವತ್ತೆಂಟರ ನನ್ನ ಬಗ್ಗೆ
ವಠಾರ ಕೇಳುವುದೂ ಅದನ್ನೇ.

ಚಿಕ್ಕಮ್ಮ ಪುಟ್ಟನರಸಮ್ಮನಿಗೆ ಒಪ್ಪಿಗೆಯಿಲ್ಲ.
"ಏಳಕ್ಕೆ ಉಂಡು ಬೆಳಗಿನ ತನಕ ಹೊಟ್ಟೆ ಒಣಗಿಸ್ತೀಯಾ?
ರಾತ್ರಿ ಹಸಿದರೆ ಆನೇನೂ ಬಡವಾಗುತ್ತೆ ಕಣೆ."
ನಾನು ಆನೆಯಲ್ಲ ಚಿಕ್ಕಮ್ಮ,
ಹದಿನೆಂಟು ಯೂನಿಟ್ಟಿನ ಹೆಂಗಸು.

ಚೀಟಿ ಲೆಕ್ಕದ ಪುಸ್ತಕ ತಿರುವಿ ಹಿಂದಿನಿಂದ ಶುರು ಮಾಡಿದೆ.
ಮುಂದೆ: ಯಾರು ಕಟ್ಟಿದರು, ಯಾರು ನಾಳೆ ಅಂದರು.
ಹಿಂದೆ: ಹನ್ನೊಂದಕ್ಕೆ ನೂರ ನಲವತ್ತೆರಡು.
ಒಂದಕ್ಕೆ ತೊಂಬತ್ತಾರು.
ಮೂರಕ್ಕೆ ಐವತ್ತೆಂಟು.

ಐವತ್ತೆಂಟು ಅಂದರೆ
ರವಿಕೆ ಬೆನ್ನಿಗಂಟಿದೆ, ತುಟಿ ಬೇರೆ ಯಾರದೋ,
ಸಕ್ಕರೆ ಡಬ್ಬಿಯ ಮುಚ್ಚಳ
ಬ್ಯಾಂಕಿನ ಲಾಕರು.
ಮೂರು ಚಮಚ ನೀರಲ್ಲಿ ಕದಡಿ ಕುಡಿದು
ನೆಲದ ಮೇಲೆ ಕೂತು ಹದಿನೈದು ನಿಮಿಷ ಎಣಿಸಿದೆ.
ಅಂದು ನೀರಿನ ದಿನವಲ್ಲ. ಕೊಳಾಯಿಯೂ ಮಾತಾಡಲಿಲ್ಲ.
ಎಷ್ಟು ವರ್ಷ ಬೆಳಿಗ್ಗೆ ತಲೆನೋವು ತಲೆನೋವು ಅಂತ
ಹಣೆಗೆ ಅಮೃತಾಂಜನ ತಿಕ್ಕಿದ್ದೆ,
ಹಿಂದಿನ ರಾತ್ರಿ ಎಲ್ಲಿಗೆ ಹೋಗಿ ಬಂದಿದ್ದೆನೆಂದು ತಿಳಿಯದೆ.

"ಎರಡು ಇಳಿಸಿ," ಫೋನಿನಲ್ಲಿ ಡಾಕ್ಟರು. "ಎರಡೇ. ಮೂರು ದಿನ ಬಿಟ್ಟು ಮತ್ತೆ ನೋಡಿ."

ಮೂರು ದಿನ ಬಿಟ್ಟು ನೀರಿನ ರಾತ್ರಿ.
ಬೀದಿಯಲ್ಲಿ ಮುನಿಚೌಡಪ್ಪ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು
ವಾಲ್ವಿನ ಗುಂಡಿಗೆ ಬಗ್ಗಿದ್ದ.
"ನಿಮ್ಮನೆ ಲೈಟು ಒಂದಕ್ಕೂ ಉರೀತಿತ್ತಲ್ಲಮ್ಮ?"
ಪರೀಕ್ಷೆ ಅಂದೆ. ಈ ವಯಸ್ಸಲ್ಲೂ ಓದ್ತೀರಾ ಅಂದ.
"ಪೂರ್ತಿ ತಿರುಗಿಸಿಬಿಡಿ, ಬೇಗ ತುಂಬಲಿ," ಅಂದರೆ
"ಕೆಳಗಿನ ಬೀದಿ ಪೈಪು ಒಡೆದರೆ ಯಾರು ಬೈಸಿಕೊಳ್ಳೋದು?
ಕಾಲು ಸುತ್ತು ಬಿಡಬೇಕು. ಬಿಟ್ಟು ಸದ್ದು ಕೇಳಬೇಕು."

ಬಕೆಟ್ಟು ತುಂಬುತ್ತಲೇ ಬೆರಳು ಚುಚ್ಚಿದೆ.
ಅರವತ್ತನಾಲ್ಕು!
ಆದರೆ ಬೆವರಿಲ್ಲ. ತುಟಿ ನನ್ನದೇ. ಕೈ ಮಾತ್ರ ಒದ್ದೆ.
ರಕ್ತಕ್ಕೂ ನೀರು ಬೆರೆಸಿ ಮಾರಿದೆನೋ ಹೇಗೆ, ಹಾಲಿನವನ ಹಾಗೆ?
ಇನ್ನೊಂದು ಸ್ಟ್ರಿಪ್ಪು ಅಂದರೆ ಎರಡು ದಿನದ ಬಸ್ ಚಾರ್ಜು.
ಸೆರಗಿಗೆ ಬೆರಳು ಒರೆಸಿ, ಒರೆಸಿ, ಪಕ್ಕದ ಬೆರಳು ಚುಚ್ಚಿದೆ.
ನೂರ ಒಂಬತ್ತು.
ಅಷ್ಟರಲ್ಲಿ ಬಕೆಟ್ಟು ಉಕ್ಕಿ
ಹೊಸಿಲು ದಾಟಿ ಪಕ್ಕದ ಮನೆಯ ಚಪ್ಪಲಿ ತೇಲಿಸಿತ್ತು.
ಬೈದರು. ಬೈಯಲಿ. ನೂರ ಒಂಬತ್ತು.

ಆರಕ್ಕೆ ಮಾತ್ರ ನೂರ ಅರವತ್ತೆಂಟು,
ಒಂದು ಅಗುಳೂ ತಿನ್ನದೆ.
ಡಾಕ್ಟರನ್ನು ಕೇಳಿದೆ: ಇದೆಲ್ಲಿಂದ ಬಂತು?
"ನೀವು ಏಳುವ ಮೊದಲೇ ನಿಮ್ಮ ಲಿವರು ಎದ್ದು
ದಿನಕ್ಕೆ ಬೇಕಾದ್ದನ್ನು ಹೊರಗೆ ತೆಗೆದಿಡುತ್ತದೆ."
ಚಿಕ್ಕಮ್ಮನಿಗೆ ಹೇಳಿದೆ.
ನಲವತ್ತು ವರ್ಷ ನಾಲ್ಕಕ್ಕೇ ಎದ್ದು ಒಲೆ ಹಚ್ಚಿದವಳು
ನನ್ನ ಹೊಟ್ಟೆಯ ಕಡೆ ಮೊದಲ ಸಲ ಮರುಕದಿಂದ ನೋಡಿ
"ಪಾಪ," ಅಂದಳು,
"ಮನೇಲಿ ಯಾರಾದರೂ ಮೊದಲು ಏಳಬೇಕಲ್ಲ."

ಇವತ್ತು ನಾಲ್ಕನೆಯದು.
ಬರೆಯುವ ಸಾಲಿನಲ್ಲಿ ಬರೀ ಗಂಟೆಗಳಿವೆ.
ಬಕೆಟ್ಟು ಆರು, ಕೊಡ ಎರಡು, ಒಂದು ಒಣಗಿದ ಪಂಚೆ.
ಹದಿನಾರು ಹಾಕಿಕೊಂಡಿದ್ದೇನೆ.
ಕೊಳಾಯಿ ಕೆಮ್ಮಿತು, ಗಾಳಿ ಮಾತ್ರ,
ಇರು,
ಕೈ ಒರೆಸಿಕೊಳ್ಳುತ್ತೇನೆ.